ಹತ್ತನೆಯ ಸಾಲು

ನಮ್ಮ ಮನೆಗೆ ಬೀಗ ಹಾಕಲು ಬಂದವರು ಕೆಟ್ಟವರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರೂ ಬಯ್ಯಲಿಲ್ಲ, ಯಾರೂ ಪಾತ್ರೆಪಗಡ ಬೀದಿಗೆ ಎಸೆಯಲಿಲ್ಲ. ಪೊಲೀಸರಲ್ಲಿ ಒಬ್ಬರು ನಮ್ಮ ಅಜ್ಜಿಯ ಕೈಹಿಡಿದು ಕಟ್ಟೆ ಇಳಿಸಿದರು. ಕಂಪನಿಯ ಕಡೆಯಿಂದ ಬಂದಿದ್ದ ಹುಡುಗ ನನಗಿಂತ ಎರಡು ವರ್ಷ ದೊಡ್ಡವನಿರಬಹುದು. ಅವನು ತಲೆ ಎತ್ತಿ ನಮ್ಮನ್ನು ನೋಡಲಿಲ್ಲ, ಸಾಮಾನಿನ ಪಟ್ಟಿ ಬರೆಯುತ್ತಲೇ ಇದ್ದ. ಅವ್ವ ಎರಡು ಸಲ ಕೈಮುಗಿದಳು. "ಏನ್ ಮಾಡಬೇಕ್ರೀ ಅಕ್ಕಾ, ಆರ್ಡರ್ ಬಂದದ" ಎಂದು ಅವನು ಆ ಪಟ್ಟಿಗೇ ಹೇಳಿದ.

ಅದು 2023ರ ಫೆಬ್ರವರಿ. ದೋರನಹಳ್ಳಿಯ ಸುತ್ತ ಹತ್ತಿ ಬಿಡಿಸುವ ಕೆಲಸ ಮುಗಿಯುತ್ತ ಬಂದಿತ್ತು. ಸಂಜೆ ಐದರ ಹೊತ್ತಿಗೆ ನಾವೆಲ್ಲ ಎದುರುಮನೆಯ ಕಟ್ಟೆಯ ಮೇಲಿದ್ದೆವು. ನಮ್ಮ ಪಕ್ಕದಲ್ಲಿ ಎರಡು ಟ್ರಂಕು, ಒಂದು ಚೀಲ ಜೋಳ, ಗ್ಯಾಸ್ ಸಿಲಿಂಡರ್, ಸುತ್ತಿಟ್ಟ ಹಾಸಿಗೆಗಳು, ಅಪ್ಪನ ಕರಣಿ ಮತ್ತು ರಸಮಟ್ಟ ಇದ್ದ ಕೈಚೀಲ. ಬೀಗಕ್ಕೆ ಅರಗಿನ ಮುದ್ರೆ ಬಿತ್ತು. ಜೀಪು ಹೋಯಿತು. ಆಗ ಅಜ್ಜಿ ಕೇಳಿದಳು: "ರಾತ್ರಿ ಎಲ್ಲಿ ಮಲಗೂದು?"

ಆ ಹೊತ್ತಿಗೆ ಅಲ್ಲಿ ಊರಿನ ಹಿರಿಯರಿದ್ದರು, ಅಕ್ಕಪಕ್ಕದವರಿದ್ದರು, ಕಲಬುರಗಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ನಾನಿದ್ದೆ. ಯಾರ ಬಳಿಯೂ ಉತ್ತರ ಇರಲಿಲ್ಲ. ಇನ್ನೂ ವಿಚಿತ್ರವೆಂದರೆ, ಅರ್ಧ ಗಂಟೆ ಮುಂಚೆ ಅಲ್ಲಿದ್ದ ಕಂಪನಿಯವರು, ಕಚೇರಿಯವರು, ಪೊಲೀಸರು ಯಾರೂ ಆ ಪ್ರಶ್ನೆ ಕೇಳಬೇಕಾದ ಅಗತ್ಯವೇ ಇರಲಿಲ್ಲ. ಅವರ ಕೈಯಲ್ಲಿದ್ದ ಯಾವ ಕಾಗದವೂ ಅದನ್ನು ಕೇಳುವುದಿಲ್ಲ. ನನ್ನ ಜಗಳ ಇರುವುದು ಆ ಕಾಗದಗಳ ಜೊತೆ.

ಮನೆಯ ಹಿನ್ನೆಲೆ ಹೇಳುತ್ತೇನೆ, ನಮ್ಮ ತಪ್ಪನ್ನೂ ಸೇರಿಸಿ. ಅಜ್ಜನ ಹೆಸರಿಗೆ ಆಶ್ರಯ ಯೋಜನೆಯಲ್ಲಿ ಮಂಜೂರಾದ ಒಂದು ಕೋಣೆ, ಮೇಲೆ ಶಹಾಬಾದಿನ ಪರಸಿ. ಮಳೆಗಾಲದಲ್ಲಿ ಪರಸಿಯ ಸಂದುಗಳಲ್ಲಿ ನೀರಿಳಿಯುತ್ತಿತ್ತು. ಅಪ್ಪ ಗೌಂಡಿ. ಶಹಾಪುರ, ಭೀಮರಾಯನಗುಡಿ, ಯಾದಗಿರಿವರೆಗೆ ಹೋಗಿ ಮಂದಿಯ ಮನೆಗೆ ಸ್ಲ್ಯಾಬ್ ಹಾಕಿ ಬರುತ್ತಿದ್ದವನಿಗೆ ತನ್ನ ಮನೆಗೂ ಒಂದು ಸ್ಲ್ಯಾಬ್ ಬೇಕೆನಿಸಿದ್ದು ದುರಾಸೆಯೇನಲ್ಲ. ಪಗಾರದ ಚೀಟಿ ಇಲ್ಲದವನಿಗೆ ಬ್ಯಾಂಕು ಸಾಲ ಕೊಡಲಿಲ್ಲ. ಗೃಹಸಾಲದ ಕಂಪನಿಯೊಂದು ಕೊಟ್ಟಿತು. 2018ರಲ್ಲಿ 6 ಲಕ್ಷ, ಶೇ 15ರ ಬಡ್ಡಿ, ತಿಂಗಳಿಗೆ 8,400 ರೂಪಾಯಿ, 15 ವರ್ಷ.

ಕರಾರುಪತ್ರ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಓದಬಲ್ಲವಳು ನಾನೊಬ್ಬಳೇ, ಆಗ ಪಿಯುಸಿ ಎರಡನೇ ವರ್ಷ. ಕಂತು ಎಷ್ಟು, ಎಷ್ಟು ವರ್ಷ ಎಂಬ ಎರಡು ಸಾಲು ಹುಡುಕಿ ಓದಿದೆ. ಉಳಿದ ಮೂವತ್ತು ಪುಟ ಮಗುಚಿ "ಎಲ್ಲಾ ಸರಿ ಅದ ಅಪ್ಪಾ, ಸಹಿ ಮಾಡು" ಎಂದೆ. ಇವತ್ತಿಗೂ ಅಪ್ಪ ಅದನ್ನು ಒಮ್ಮೆಯೂ ಎತ್ತಿ ಆಡಿಲ್ಲ. ಆಡಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಇಪ್ಪತ್ತು ಕಂತು ತಪ್ಪದೆ ಕಟ್ಟಿದೆವು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ಆಗಸ್ಟ್‌ವರೆಗೆ ಕಂತು ಕಟ್ಟದಿದ್ದರೂ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಮತ್ತೆ ಕಟ್ಟತೊಡಗಿದೆವು. 2021ರಲ್ಲಿ ಅಪ್ಪ ಸಾರವೆಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಆಸ್ಪತ್ರೆಯ ಖರ್ಚಿಗೆ ಕೈಸಾಲ, ಕೈಸಾಲದ ಬಡ್ಡಿಗೆ ಅವ್ವನ ಕೂಲಿ. ಕಂಪನಿಯ ಕಂತು ಹಿಂದೆ ಬಿತ್ತು. ನಾವು ಕಟ್ಟಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಆದರೆ ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಗಾದೆ ಬಂತು: ಹಾಸಿಗೆ ಇದ್ದಷ್ಟು ಕಾಲು ಚಾಚು. ಮೇಷ್ಟ್ರು ಹೇಳಿದರು, ನೆಂಟರು ಹೇಳಿದರು, ಸಾಲದ ಮೇಲಿನ ಸರ್ವಜ್ಞನ ತ್ರಿಪದಿ ಕಂಠಪಾಠ ಇದ್ದವರೆಲ್ಲ ಅದನ್ನು ನಮ್ಮ ಮುಂದೆ ಒಪ್ಪಿಸಿದರು. ಈ ಗಾದೆಯನ್ನು ಹೇಳುವವರು ಸಾಮಾನ್ಯವಾಗಿ ಮಂಚದ ಮೇಲೆ ಕೂತಿರುತ್ತಾರೆ. ಸೋರುವ ಪರಸಿಯ ಕೆಳಗೆ ಆರು ಜನ ಮಲಗುವ ಮನೆಯಲ್ಲಿ ಹಾಸಿಗೆಯೇ ಕಾಲಿಗಿಂತ ಚಿಕ್ಕದಿರುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ನಮ್ಮಲ್ಲಿ ಇನ್ನೊಂದು ಗಾದೆಯೂ ಇದೆಯಲ್ಲ, ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ. ಮನೆ ಕಟ್ಟುವುದು ಎಷ್ಟು ಕಷ್ಟ ಎಂದು ಗಾದೆ ಮಾಡಿದ ಹಿರಿಯರಿಗೆ ಮನೆ ಕಳೆದುಕೊಳ್ಳುವುದಕ್ಕೂ ಒಂದು ಮಾತು ಮಾಡಬೇಕೆಂದು ಅನಿಸಲಿಲ್ಲ.

ಬೀಗ ಬಿದ್ದ ಮೇಲೆ ನಾನು ಆ ಕಾಯ್ದೆಯನ್ನು ಓದಿದೆ. ಹಳಗನ್ನಡ ಪದ್ಯವನ್ನು ಪದ ಬಿಡಿಸಿ ಓದುವ ಹಾಗೆ, ಒಂದೊಂದೇ ಕಲಂ. ಪಿಯುಸಿಯಲ್ಲಿ ಮಗುಚಿ ಹಾಕಿದ ಪುಟಗಳ ಸಾಲವನ್ನಾದರೂ ತೀರಿಸಬೇಕಿತ್ತು. 2002ರಲ್ಲಿ ಬಂದ ಈ ಕಾಯ್ದೆಗೆ ಎಲ್ಲರೂ ಸರ್ಫೇಸಿ ಎನ್ನುತ್ತಾರೆ. ಅಡ ಇಟ್ಟ ಆಸ್ತಿಯನ್ನು ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ವಶಕ್ಕೆ ತೆಗೆದುಕೊಂಡು ಮಾರುವ ಅಧಿಕಾರವನ್ನು ಸಾಲ ಕೊಟ್ಟವರಿಗೆ ಅದು ಕೊಡುತ್ತದೆ. ದಿನಗಳ ಲೆಕ್ಕದಲ್ಲಿ ಅದು ಪಂಚಾಂಗಕ್ಕಿಂತ ಕಟ್ಟುನಿಟ್ಟು. 90 ದಿನ ಕಂತು ಬಾಕಿಯಾದರೆ ಸಾಲ ವಸೂಲಾಗದ ಸಾಲ ಎನಿಸುತ್ತದೆ. ನೋಟಿಸಿನ ನಂತರ ತೀರಿಸಲು 60 ದಿನ. ನೀವು ಆಕ್ಷೇಪಣೆ ಸಲ್ಲಿಸಿದರೆ ಅವರು ಉತ್ತರಿಸಲು 15 ದಿನ. ಸ್ವಾಧೀನದ ನೋಟಿಸನ್ನು 7 ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು. ನೀವು ಪ್ರಶ್ನಿಸುವುದಾದರೆ 45 ದಿನ. ಮೊದಲ ಹರಾಜಿಗೆ 30 ದಿನದ ಮುನ್ಸೂಚನೆ.

ಪ್ರಶ್ನಿಸುವುದು ಎಲ್ಲಿ? ಶಹಾಪುರದ ಸಿವಿಲ್ ನ್ಯಾಯಾಲಯದ ಮುಂದೆ ನಾವು ದಿನಾ ಓಡಾಡುತ್ತೇವೆ, ಆದರೆ ಸಿವಿಲ್ ನ್ಯಾಯಾಲಯ ಇದನ್ನು ಕೇಳುವ ಹಾಗಿಲ್ಲ ಎಂದು ಅದೇ ಕಾಯ್ದೆಯ 34ನೇ ಕಲಂ ಹೇಳುತ್ತದೆ. ಹೋಗಬೇಕಾದದ್ದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ನಮ್ಮೂರಿಂದ ಹತ್ತಿರಹತ್ತಿರ 500 ಕಿಲೋಮೀಟರ್. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈಯಲ್ಲಿ. ಅದಕ್ಕೆ ಬಾಕಿಯ ಅರ್ಧ ಹಣವನ್ನು, ಮಂಡಳಿ ಕರುಣೆ ತೋರಿದರೆ ಕಾಲುಭಾಗವನ್ನು, ಮೊದಲು ಠೇವಣಿ ಇಡಬೇಕು. ಅಷ್ಟು ಹಣ ಇದ್ದವನು ಕಂತನ್ನೇ ಕಟ್ಟುತ್ತಿದ್ದ.

ಇನ್ನೊಂದು ಸಂಗತಿ ನನ್ನನ್ನು ರಾತ್ರಿಯಿಡೀ ಎಚ್ಚರವಾಗಿ ಇಟ್ಟಿತ್ತು. ಬ್ರಿಟಿಷರ ಕಾಲದ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 60ನೇ ಕಲಂ ಎಂಬುದಿದೆ. ಸಾಲಗಾರನ ಯಾವ ಯಾವ ವಸ್ತುವನ್ನು ಜಪ್ತಿ ಮಾಡಬಾರದು ಎಂಬ ಪಟ್ಟಿ ಅದು. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಮಂಚ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಲಾಗದ ಆಭರಣ, ಕುಶಲಕರ್ಮಿಯ ಉಪಕರಣ. ಜೊತೆಗೆ ರೈತ, ಕೂಲಿಕಾರ, ಮನೆಗೆಲಸದವರು ತಾವೇ ವಾಸಿಸುವ ಸ್ವಂತ ಮನೆ. ಬಡವನಿಂದ ಏನು ಕಿತ್ತರೂ ಇಷ್ಟನ್ನು ಬಿಡು ಎಂಬ ಒಂದು ಗೆರೆಯನ್ನು ಕಾನೂನು ಎಳೆದಿತ್ತು. ಸರ್ಫೇಸಿ ಕಾಯ್ದೆಯೂ 31ನೇ ಕಲಮಿನಲ್ಲಿ ಆ ಪಟ್ಟಿಯನ್ನು ಗೌರವದಿಂದ ಉಳಿಸಿಕೊಳ್ಳುತ್ತದೆ. ಆದರೆ ನಡುವೆ ಒಂದು ಜೊತೆ ಆವರಣ ಚಿಹ್ನೆ ತೆರೆದು, ಈ ಸಾಲಕ್ಕೆಂದು ನಿರ್ದಿಷ್ಟವಾಗಿ ಅಡ ಇಟ್ಟ ಆಸ್ತಿಯನ್ನು ಹೊರತುಪಡಿಸಿ ಎಂದು ಬರೆದು, ಚಿಹ್ನೆ ಮುಚ್ಚುತ್ತದೆ. ಕೃಷಿ ಜಮೀನಿಗೆ ಅಂಥ ಚಿಹ್ನೆಯಿಲ್ಲ. ಅದು ಈ ಕಾಯ್ದೆಯಿಂದ ಪೂರ್ತಿ ಹೊರಗೆ. ಗೌಂಡಿಯ ಮನೆ ಮಾತ್ರ ಆ ಎರಡು ಗೆರೆಗಳ ನಡುವೆ ಸಿಕ್ಕಿಕೊಂಡಿತು.

ಹಾಗಾಗಿ ನಮ್ಮ ಹಾಸಿಗೆಗಳು ನಮಗೆ ಉಳಿದವು. ಅಪ್ಪನ ಕರಣಿ ಉಳಿಯಿತು. ಹಾಸಿಗೆ ಹಾಸಲು ನೆಲ ಮಾತ್ರ ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರಿಗೆ ಆ ಸಂಜೆ ನಮ್ಮ ಸುತ್ತಿಟ್ಟ ಹಾಸಿಗೆಗಳನ್ನು ತೋರಿಸಬೇಕಿತ್ತು.

ಮೊದಲ ರಾತ್ರಿ ಎದುರುಮನೆಯವರ ಪಡಸಾಲೆ. ಆಮೇಲೆ ಹನ್ನೊಂದು ದಿನ ಚಿಕ್ಕಮ್ಮನ ಮನೆಯ ದನದ ಕೊಟ್ಟಿಗೆ. ಎತ್ತುಗಳನ್ನು ಹೊರಗೆ ಕಟ್ಟಿ ನಮಗೆ ಜಾಗ ಮಾಡಿಕೊಟ್ಟರು. ಅವರ ಋಣ ದೊಡ್ಡದು. ಆದರೆ ಎತ್ತುಗಳ ಜಾಗ ಕಿತ್ತುಕೊಂಡು ಮಲಗಿದವರಿಗೆ ನಿದ್ದೆ ಬರುವುದಿಲ್ಲ. ನಂತರ ಬಾಡಿಗೆಗೆ ಹುಡುಕಾಟ. ಹಳ್ಳಿಯಲ್ಲಿ ಬಾಡಿಗೆ ಮನೆ ಎಂಬ ಬೋರ್ಡು ಇರುವುದಿಲ್ಲ. ಖಾಲಿ ಮನೆಗಳಿರುತ್ತವೆ, ಆದರೆ ಅವು ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋದವರ ಮನೆಗಳು; ಜಾತ್ರೆಗೆ, ಮೊಹರಂಗೆ, ಮದುವೆಗೆ ಬಂದಾಗ ಅವರಿಗೆ ಬೇಕು. ಕೊಡುವ ಮನಸ್ಸಿದ್ದವರೂ ಕೇಳುವುದು ಮೊದಲು ಮಂದಿ ಯಾರು, ಆಮೇಲೆ ಊಟ ಏನು, ಕೊನೆಗೆ ಸ್ವಂತ ಮನೆ ಯಾಕೆ ಹೋಯಿತು. ಮೂರನೇ ಪ್ರಶ್ನೆಗೆ ಉತ್ತರ ಕೊಟ್ಟರೆ ನಾಲ್ಕನೇ ಪ್ರಶ್ನೆ ಬರುವುದಿಲ್ಲ, ಬಾಗಿಲು ಮುಚ್ಚುತ್ತದೆ. ಮನೆ ಕಳೆದುಕೊಂಡವನಿಗೆ ಮನೆ ಕೊಟ್ಟರೆ ಬಾಡಿಗೆ ಬಂದೀತೇ?

ತಾಲೂಕು ಪಟ್ಟಣದಲ್ಲಿ ಬೋರ್ಡುಗಳಿದ್ದವು. ಎರಡು ಕೋಣೆಗೆ ಆರು ತಿಂಗಳ ಅಡ್ವಾನ್ಸ್ ಕೇಳಿದರು. ಒಂದು ಕಂತು ಕಟ್ಟಲಾಗದೆ ಮನೆ ಬಿಟ್ಟವರಿಂದ ಆರು ಕಂತನ್ನು ಒಟ್ಟಿಗೆ ಕೇಳುವುದು ಬಾಡಿಗೆಯ ಲೋಕದ ನ್ಯಾಯ. ಆಧಾರ್ ಕಾರ್ಡಿನಲ್ಲಿದ್ದ ವಿಳಾಸ ನೋಡಿ "ನಿಮಗ ಊರಾಗ ಮನಿ ಅದಲ್ಲ?" ಎಂದು ಒಬ್ಬರು ಕೇಳಿದರು. ಅದೇ ಮಾತನ್ನು ಒಂದು ಕಚೇರಿಯಲ್ಲೂ ಕೇಳಿದೆವು. ವಸತಿ ಯೋಜನೆಗಳ ನಿಯಮ ಸರಳ: ಸ್ವಂತ ಮನೆ ಇರಬಾರದು, ಹಿಂದೆ ಸರ್ಕಾರದ ಮನೆ ಪಡೆದಿರಬಾರದು. ಪಟ್ಟಿಯ ಪ್ರಕಾರ ನಮಗೆ ಮನೆ ಇದೆ, ಅಜ್ಜನ ಕಾಲದಲ್ಲೇ ಮಂಜೂರಾಗಿದೆ. ಅದು ಈಗ ಯಾರ ಕೈಯಲ್ಲಿದೆ ಎಂದು ಬರೆಯಲು ಪಟ್ಟಿಯಲ್ಲಿ ಕಾಲಂ ಇಲ್ಲ. ಸರ್ಕಾರದ ಒಂದು ಕಾಗದ ನಮ್ಮನ್ನು ಮನೆಯಿಂದ ಹೊರಗೆ ಹಾಕಿದೆ, ಇನ್ನೊಂದು ಕಾಗದ ನಾವಿನ್ನೂ ಒಳಗೇ ಇದ್ದೇವೆ ಎನ್ನುತ್ತದೆ. ಆ ಎರಡು ಕಾಗದಗಳು ಒಂದೇ ಕಟ್ಟಡದಲ್ಲಿದ್ದರೂ ಒಂದನ್ನೊಂದು ಭೇಟಿಯಾಗುವುದಿಲ್ಲ.

ತಮ್ಮ ಓದು ಬಿಟ್ಟು ಬೆಂಗಳೂರಿಗೆ ಹೋದ. ಅಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ರೂಢಿ. ಹಾಗಾಗಿ ಅವನು ಇರುವುದು ಕಟ್ಟಡದ ಕೆಲಸದ ಜಾಗದಲ್ಲೇ, ತಗಡಿನ ಶೆಡ್ಡಿನಲ್ಲಿ. ಅಂಥ ಶೆಡ್ಡುಗಳ ಭವಿಷ್ಯವೂ ನಮಗೆ ಗೊತ್ತಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ಅಲ್ಲಿರುವವರು ಬಾಂಗ್ಲಾದೇಶದವರು ಎಂಬ ಅನುಮಾನದ ಮೇಲೆ ಶೆಡ್ಡುಗಳನ್ನು ಕೆಡವಿದರು. ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಹೈಕೋರ್ಟ್ ಆ ಕ್ರಮ ಕಾನೂನುಬಾಹಿರ ಎಂದಿತು. ಆದರೆ ಊರಲ್ಲಿ ಮನೆ ಕಳೆದುಕೊಂಡು, ರಾಜಧಾನಿಯಲ್ಲಿ ತಗಡು ಕಳೆದುಕೊಂಡು, ತಾನು ಯಾವ ದೇಶದವನು ಎಂದೂ ಸಾಬೀತು ಮಾಡಬೇಕಾದವನ ದಾರಿ ಎಷ್ಟು ಉದ್ದ ಇರುತ್ತದೆ ನೋಡಿ.

ಇದೆಲ್ಲದರ ನಡುವೆ ನಾನು ಕಲಬುರಗಿಗೆ ತರಗತಿಗೆ ಹೋಗುತ್ತಿದ್ದೆ. ಒಂದು ದಿನ ಕುವೆಂಪು ಅವರ 'ಅನಿಕೇತನ' ಕವಿತೆಯ ಪಾಠ. ಅನಿಕೇತನ ಎಂದರೆ ಮನೆಯಿಲ್ಲದವನು ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ಎಲ್ಲ ಗೋಡೆಗಳನ್ನು ಮೀರುವ ಚೇತನದ ಬಗ್ಗೆ ಚೆನ್ನಾಗಿ ಮಾತಾಡಿದರು. ಕವಿತೆಯ ಮೇಲೆ ನನಗೆ ಸಿಟ್ಟಿಲ್ಲ. ಕವಿ ಹೇಳುತ್ತಿದ್ದುದು ಚೇತನದ ಮಾತು, ಚಾವಣಿಯ ಮಾತಲ್ಲ. ಆ ಕವಿ ಬಾಳಿದ್ದು ಮೈಸೂರಿನ 'ಉದಯರವಿ'ಯಲ್ಲಿ, ಹೆಸರಿಟ್ಟು ಪ್ರೀತಿಸಿದ ಮನೆಯಲ್ಲಿ. ನನ್ನ ಸಿಟ್ಟು ನಮ್ಮ ಮೇಲೆ, ಸಾಹಿತ್ಯ ಓದುವವರ ಮೇಲೆ. ಮನೆಯಿಲ್ಲದಿರುವುದನ್ನು ನಾವು ರೂಪಕವಾಗಿ ಎಷ್ಟು ಚಂದ ಮಾಡಿಕೊಂಡಿದ್ದೇವೆಂದರೆ, ನಿಜವಾಗಿ ಮನೆಯಿಲ್ಲದವಳು ಮೂರನೇ ಬೆಂಚಿನಲ್ಲಿ ಕೂತಿದ್ದರೆ ಕಾಣಿಸುವುದಿಲ್ಲ. ಬರದ ಮೇಲೆ, ಅಣೆಕಟ್ಟಿನಲ್ಲಿ ಮುಳುಗಿದ ಊರುಗಳ ಮೇಲೆ, ರೈತರ ಆತ್ಮಹತ್ಯೆಯ ಮೇಲೆ ಕನ್ನಡದಲ್ಲಿ ಕತೆಗಳಿವೆ. ಅಡ ಬಿದ್ದ ಎರಡು ಕೋಣೆಯ ಮನೆ ಸಾವಿನಷ್ಟು ನಾಟಕೀಯವಲ್ಲ, ಅದಕ್ಕೆ ನಮ್ಮ ಗಮನ ಅಲ್ಲಿಗೆ ಹೋಗುವುದಿಲ್ಲ.

ಸಾವಿನ ತನಕ ಹೋದಾಗ ಮಾತ್ರ ಗದ್ದಲ ಆಗುತ್ತದೆ. 2025ರ ಜನವರಿಯಲ್ಲಿ ಹಾಗೇ ಆಯಿತು. ಕಿರುಸಾಲದ ಕಾಟಕ್ಕೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿಗಳು ಜಿಲ್ಲೆಜಿಲ್ಲೆಯಿಂದ ಬಂದವು. ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಬಾಣಂತಿ, ಹಸುಗೂಸು ಸಮೇತ ಕುಟುಂಬವೊಂದು ಹೊರಬಿದ್ದ ಸುದ್ದಿ ಬಂತು. ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಫೆಬ್ರವರಿ 12ರಂದು ಅದು ಜಾರಿಗೆ ಬಂತು. ಬಲವಂತ, ಬೆದರಿಕೆ, ಕಿರುಕುಳದಿಂದ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ ಆಯಿತು. ಆದರೆ ನಮ್ಮ ಮನೆಗೆ ಬಂದವರು ಬೆದರಿಸಿರಲಿಲ್ಲ ಎಂದು ಮೊದಲೇ ಹೇಳಿದೆನಲ್ಲ. ಅವರು ಅಜ್ಜಿಯ ಕೈಹಿಡಿದಿದ್ದರು. ಗೂಂಡಾಗಿರಿಯನ್ನು ತಡೆಯುವ ಕಾನೂನು ಸೌಜನ್ಯವನ್ನು ತಡೆಯುವುದಿಲ್ಲ. ನಮ್ಮನ್ನು ಬೀದಿಗೆ ಹಾಕಿದ್ದು ಸೌಜನ್ಯ.

ಈಗ ಎದುರುವಾದಕ್ಕೆ ಬರುತ್ತೇನೆ. ಅದರಲ್ಲಿ ಗಟ್ಟಿಯಾದದ್ದು ಒಂದಿದೆ: ಮನೆಯನ್ನು ಮುಟ್ಟುವ ಹಾಗಿಲ್ಲ ಎಂದರೆ ನಾಳೆ ಗೌಂಡಿಗೆ ಯಾರೂ ಸಾಲ ಕೊಡುವುದಿಲ್ಲ. ಇದನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಲೆಕ್ಕ ನೋಡಿ. ಪಗಾರದ ಚೀಟಿ ಇದ್ದವರಿಗೆ ಆಗ ಶೇ 8-9ಕ್ಕೆ ಸಿಗುತ್ತಿದ್ದ ಗೃಹಸಾಲ ಅಪ್ಪನಿಗೆ ಶೇ 15ಕ್ಕೆ ಸಿಕ್ಕಿತು. ಯಾಕೆ ಎಂದು ಕೇಳಿದ್ದಕ್ಕೆ ಆಗ ಬಂದ ಉತ್ತರ, ಗೌಂಡಿಗೆ ಕೊಡುವುದು ಅಪಾಯ ಎಂದು. ಸರಿ, ಆ ಅಪಾಯದ ಬೆಲೆಯನ್ನು ತಿಂಗಳು ತಿಂಗಳು ಬಡ್ಡಿಯಲ್ಲಿ ತೆಗೆದುಕೊಂಡಿದ್ದಾರಲ್ಲ? ಅಪಾಯ ನಿಜವಾದ ದಿನ ಅದರ ಪೂರ್ತಿ ಭಾರ ಮತ್ತೆ ನಮ್ಮ ತಲೆಯ ಮೇಲೇ ಯಾಕೆ? ಕಂಪನಿಗಳಿಗೆ 2016ರ ದಿವಾಳಿ ಸಂಹಿತೆ ಇದೆ. ಸೋತ ಉದ್ಯಮದ ಸಾಲದಲ್ಲಿ ಒಂದು ಪಾಲನ್ನು ಸಾಲ ಕೊಟ್ಟವರೇ ಬಿಟ್ಟು ಮುಂದೆ ಹೋಗುವ ದಾರಿ ಅದರಲ್ಲಿದೆ. ಅದೇ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗ ಇದೆ. ಅದು 2019ರ ಡಿಸೆಂಬರಿನಿಂದ ಜಾರಿಯಾದದ್ದು ಕಂಪನಿಗಳಿಗೆ ಜಾಮೀನು ನಿಂತವರಿಗೆ ಮಾತ್ರ. ಸೋತ ಗೌಂಡಿಯ ಸರದಿ ಇನ್ನೂ ಬಂದಿಲ್ಲ. ಅವನ ಮನೆ ಮಾರಿದ ಮೇಲೂ ಬಾಕಿ ಉಳಿದರೆ ಅದನ್ನು ಅವನಿಂದಲೇ ವಸೂಲಿ ಮಾಡಬಹುದು ಎಂದು ಸರ್ಫೇಸಿ ಹೇಳುತ್ತದೆ. ನಮಗೆ ಆ ಬಾಕಿಯ ನೋಟಿಸೂ ಬಂತು, ಬೀಗ ಹಾಕಿದ ಮನೆಯ ವಿಳಾಸಕ್ಕೇ. ಅಂಚೆಯಣ್ಣ ನಮ್ಮನ್ನು ಹುಡುಕಿಕೊಂಡು ಬಂದು ಕೊಟ್ಟ. ಕಂಪನಿಗೆ ಗೊತ್ತಿರದ ನಮ್ಮ ವಿಳಾಸ ಅವನಿಗೆ ಗೊತ್ತಿತ್ತು.

ಬೇರೆ ಕಡೆ ಇದನ್ನು ಹೇಗೆ ನಿಭಾಯಿಸಿದ್ದಾರೆ ಎಂದೂ ನೋಡಿದೆ. ಇಂಗ್ಲೆಂಡಿನಲ್ಲಿ 1977ರಲ್ಲೇ ಒಂದು ಕಾನೂನು ಬಂತು. ಮಕ್ಕಳಿರುವ ಕುಟುಂಬ, ಗರ್ಭಿಣಿ, ವೃದ್ಧರಂಥವರು ತಮ್ಮ ತಪ್ಪಿಲ್ಲದೆ ಮನೆ ಕಳೆದುಕೊಂಡರೆ ಅವರಿಗೆ ನೆಲೆ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಎಂದಿತು. 2017ರ ಇನ್ನೊಂದು ಕಾನೂನಿನ ಪ್ರಕಾರ ಮನೆ ಹೋಗುವ 56 ದಿನ ಮೊದಲೇ ಆಡಳಿತ ನೆರವಿಗೆ ಬರಬೇಕು. ಸ್ಪೇನಿನಲ್ಲಿ 2008ರ ಆರ್ಥಿಕ ಕುಸಿತದ ನಂತರ ಲಕ್ಷಾಂತರ ಜನ ಮನೆ ಕಳೆದುಕೊಳ್ಳುವ ಸ್ಥಿತಿ ಬಂದಾಗ, 2009ರಲ್ಲಿ ಬಾರ್ಸಿಲೋನಾದ ಜನ ಅಡಮಾನ ಸಂತ್ರಸ್ತರ ವೇದಿಕೆ ಕಟ್ಟಿದರು. ಒಬ್ಬರ ಮನೆಗೆ ಬೀಗ ಹಾಕಲು ಬಂದರೆ ಉಳಿದವರೆಲ್ಲ ಆ ಬಾಗಿಲಿಗೆ ಹೋಗಿ ಕೂತರು. 2012ರಲ್ಲಿ ಅಲ್ಲಿನ ಸರ್ಕಾರ ದುರ್ಬಲ ಕುಟುಂಬಗಳನ್ನು ಎರಡು ವರ್ಷ ಹೊರಹಾಕಬಾರದು ಎಂದಿತು. ಆ ಅವಧಿ ಮತ್ತೆ ಮತ್ತೆ ವಿಸ್ತರಣೆಯಾಯಿತು. ಆ ವೇದಿಕೆ ಕಟ್ಟಿದವರಲ್ಲಿ ಒಬ್ಬರಾದ ಅದಾ ಕೊಲಾವ್ 2015ರಲ್ಲಿ ಬಾರ್ಸಿಲೋನಾದ ಮೇಯರ್ ಆದರು. ಸ್ಪೇನಿನ ಬ್ಯಾಂಕುಗಳು ಗೃಹಸಾಲ ಕೊಡುವುದನ್ನು ನಿಲ್ಲಿಸಲಿಲ್ಲ.

ನಮ್ಮ ಸುಪ್ರೀಂ ಕೋರ್ಟ್ ಕೂಡ ಹತ್ತಿರದ ಮಾತು ಹೇಳಿದೆ. ಆರೋಪಿಗಳ ಮನೆಗಳನ್ನು ಬುಲ್ಡೋಜರಿನಿಂದ ಕೆಡವುವುದರ ವಿರುದ್ಧ 2024ರ ನವೆಂಬರ್ 13ರಂದು ಬಂದ ತೀರ್ಪಿನಲ್ಲಿ, ಸೂರಿನ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ, ಒಬ್ಬನ ಮೇಲಿನ ಆರೋಪಕ್ಕೆ ಇಡೀ ಕುಟುಂಬದ ಸೂರು ಕಿತ್ತುಕೊಳ್ಳುವಂತಿಲ್ಲ ಎಂದಿತು. ಅದು ಬೇರೆ ಸಂದರ್ಭ, ಗೊತ್ತು. ಆದರೆ ಅಪರಾಧದ ಆರೋಪ ಹೊತ್ತವನ ತಾಯಿಗೆ ಸಿಗುವ ಕನಿಕರ ಕಾಲು ಮುರಿದವನ ತಾಯಿಗೂ ಸಿಗಬೇಕಲ್ಲವೇ? ಅಜ್ಜಿ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿರಲಿಲ್ಲ.

ನಾನು ಕೇಳುವುದು ಸಾಲ ಮನ್ನಾ ಅಲ್ಲ. ಕೇಳುವುದು ಮೂರು ಸಂಗತಿ. ಮೊದಲನೆಯದು ಹಣದ ಸರದಿ. ಮನೆ ಮಾರಿ ಬಂದ ದುಡ್ಡಿನಲ್ಲಿ ಮೊದಲು ಖರ್ಚು ಮುರಿದುಕೊಳ್ಳಬಹುದು ಎಂದು ಸರ್ಫೇಸಿಯಲ್ಲೇ ಇದೆ. ಅಂದರೆ ನಮ್ಮನ್ನು ಹೊರಹಾಕಿದ ಖರ್ಚು, ಪತ್ರಿಕೆಯಲ್ಲಿ ನಮ್ಮ ಹೆಸರು ಹಾಕಿಸಿದ ಜಾಹೀರಾತಿನ ಖರ್ಚು ನಮ್ಮ ಮನೆಯ ದುಡ್ಡಿನಿಂದಲೇ ಹೋಗುತ್ತದೆ. ಅದೇ ಸರದಿಯಲ್ಲಿ, ಅದೇ ಮೊದಲ ಸ್ಥಾನದಲ್ಲಿ, ಹೊರಬಿದ್ದ ಕುಟುಂಬದ ಒಂದು ವರ್ಷದ ಬಾಡಿಗೆಯನ್ನೂ ಸೇರಿಸಿ. ಎರಡನೆಯದು, ಇರುವ ಒಂದೇ ಮನೆ ಹೋದವರ ಹೆಸರು ವಸತಿ ಪಟ್ಟಿಯಲ್ಲಿ ಮನೆಯುಳ್ಳವರ ಕಾಲಮಿನಿಂದ ತಾನಾಗಿ ಹೊರಗೆ ಬರಲಿ.

ಮೂರನೆಯದಕ್ಕೆ ಒಂದೇ ಒಂದು ಸಾಲು ಸಾಕು. ಕುಟುಂಬವನ್ನು ಹೊರಗೆ ಕಳಿಸಿ ಮನೆಯನ್ನು ವಶಕ್ಕೆ ಪಡೆಯಲು ಪೊಲೀಸರ ನೆರವು ಬೇಕಾದರೆ ಕಂಪನಿ 14ನೇ ಕಲಮಿನಡಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ಜೊತೆಗೆ ಒಂದು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಏನೇನಿರಬೇಕು ಎಂದು ಕಾಯ್ದೆಯೇ ಒಂಬತ್ತು ಅಂಶ ಪಟ್ಟಿ ಮಾಡಿದೆ: ಸಾಲ ಎಷ್ಟು, ಅಡ ಇಟ್ಟದ್ದು ನಿಜವೇ, ಆಸ್ತಿಯ ವಿವರ, ಬಾಕಿ ಬಿದ್ದದ್ದು, ವಸೂಲಾಗದ ಸಾಲ ಎಂದು ಘೋಷಿಸಿದ್ದು, ನೋಟಿಸ್ ಕೊಟ್ಟದ್ದು, ಆಕ್ಷೇಪಣೆಗೆ ಉತ್ತರ ಕೊಟ್ಟದ್ದು, ಆದರೂ ಹಣ ಬಾರದ್ದು, ನಿಯಮ ಎಲ್ಲ ಪಾಲಿಸಿದ್ದು. ಒಂಬತ್ತೂ ಸಾಲದ ಬಗ್ಗೆ. ಆ ಮನೆಯಲ್ಲಿ ಯಾರಿದ್ದಾರೆ ಎಂದು ಒಂದರಲ್ಲೂ ಇಲ್ಲ. ಒಂಬತ್ತು ಸರಿಯಿದ್ದರೆ 30 ದಿನದಲ್ಲಿ, ಕಾರಣ ಬರೆದು ಹೆಚ್ಚೆಂದರೆ 60 ದಿನದಲ್ಲಿ ಆದೇಶ ಆಗಬೇಕು.

ಶಹಾಪುರದ ಅಂಚಿನಲ್ಲಿ ಈಗ ನಮಗೆ ಎರಡು ಕೋಣೆ ಸಿಕ್ಕಿವೆ. ಹನ್ನೊಂದು ತಿಂಗಳ ಕರಾರು, ಮೂರನೇ ಸಲ ನವೀಕರಣ. ಈ ಕರಾರುಪತ್ರವನ್ನು ನಾನು ಪೂರ್ತಿ ಓದಿದ್ದೇನೆ. ಅಪ್ಪ ಕುಂಟುತ್ತಲೇ ಮತ್ತೆ ಕೆಲಸಕ್ಕೆ ಹೋಗುತ್ತಾನೆ, ಮಂದಿಯ ಮನೆಗಳ ಗೋಡೆಗೆ ಗಿಲಾವು ಮಾಡುತ್ತಾನೆ. ಅಜ್ಜಿ ಕಳೆದ ವರ್ಷ ಇಲ್ಲೇ ತೀರಿಕೊಂಡಳು. ಹೆಣವನ್ನು ದೋರನಹಳ್ಳಿಗೆ ಒಯ್ದಾಗ ಎಲ್ಲಿ ಇಳಿಸಬೇಕು ಎಂಬ ಪ್ರಶ್ನೆ ಎದ್ದಿತು. ಅದೇ ಎದುರುಮನೆಯ ಕಟ್ಟೆಯ ಮೇಲೆ ಇಳಿಸಿದೆವು.

ಅವಳು ಕೇಳಿದ ಪ್ರಶ್ನೆಯನ್ನು ಆ ಪ್ರಮಾಣಪತ್ರದ ಹತ್ತನೆಯ ಸಾಲು ಮಾಡಿ. ಭಾಷೆ ಕಾನೂನಿನದೇ ಇರಲಿ ಎಂದು ಕರಡನ್ನೂ ಬರೆದಿಟ್ಟಿದ್ದೇನೆ: "ಸದರಿ ಮನೆಯಲ್ಲಿ ಇಂತಿಷ್ಟು ಜನ ವಾಸವಾಗಿದ್ದು, ಸ್ವಾಧೀನಕ್ಕೆ ಪಡೆಯುವ ದಿನದ ರಾತ್ರಿ ಅವರು ಇಂಥ ಸ್ಥಳದಲ್ಲಿ ಮಲಗುತ್ತಾರೆ." ಆ ಜಾಗ ಖಾಲಿ ಇದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ಸಹಿ ಹಾಕಬಾರದು.